ತೂಕ, ವಾರ ಮತ್ತು ವಂಶ

ಬಸಿರಲ್ಲಿರುವ ಕೂಸಿನ ರೆಟಿನಾದಲ್ಲಿ ರಕ್ತನಾಳ ಚಿಗುರುವುದು 16ನೇ ವಾರದ ಸುಮಾರಿಗೆ. ಅಂಚು ಮುಟ್ಟುವ ಹೊತ್ತಿಗೆ 40 ವಾರ ತುಂಬಿರುತ್ತದೆ. ದಿನ ತುಂಬದೆ ಹುಟ್ಟಿದ ಕೂಸಿಗೆ ಕೊಡುವ ಆಮ್ಲಜನಕ ಮಿತಿಮೀರಿದರೆ ಈ ಬೆಳವಣಿಗೆ ನಿಲ್ಲುತ್ತದೆ. ಆಮೇಲೆ ಉಸಿರು ಸಾಲದ ರೆಟಿನಾ ವಿಇಜಿಎಫ್ ಎಂಬ ಪ್ರೋಟೀನನ್ನು ಹೆಚ್ಚಾಗಿ ಸ್ರವಿಸಿ ಅಡ್ಡಾದಿಡ್ಡಿ ಹೊಸ ನಾಳಗಳನ್ನು ಎಬ್ಬಿಸುತ್ತದೆ. ಅವು ರೆಟಿನಾವನ್ನೇ ಎಳೆದು ಕಿತ್ತರೆ ಕಣ್ಣು ಹೋಯಿತು. ಇದೇ ಆರ್‌ಒಪಿ.

ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆ ಇದಕ್ಕೆ ಕಂಡುಕೊಂಡ ದಾರಿ ಮೆಚ್ಚುವಂಥದ್ದು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶುಘಟಕಗಳಿಗೇ ಹೋಗುತ್ತಾರೆ. ದೂರದ ತಜ್ಞರು ಚಿತ್ರ ನೋಡುತ್ತಾರೆ. ಯಾವ ಕೂಸಿಗೆ ತಪಾಸಣೆ ಬೇಕು ಎಂಬುದಕ್ಕೆ ಅಮೆರಿಕದವರು 1,500 ಗ್ರಾಂ, 30 ವಾರಕ್ಕೆ ಗೆರೆ ಎಳೆದರೆ ನಮ್ಮ ಮಾರ್ಗಸೂಚಿ 2,000 ಗ್ರಾಂ, 34 ವಾರಕ್ಕೆ ಏರಿಸಿದೆ. ಇಲ್ಲಿ ತೂಕವಿದ್ದ ಕೂಸುಗಳಿಗೂ ರೋಗ ಬರುತ್ತದೆ, ಆದ್ದರಿಂದ ಸರಿಯಾದ ಗೆರೆ.

ಕಿತ್ತೂರು ನಾಡಿನಲ್ಲಿ ಈ ತಪಾಸಣೆಗೆ ಎದುರಾಗುವುದು ಬಾಣಂತನ. ಮೊದಲ ತಪಾಸಣೆ ಹುಟ್ಟಿದ ನಾಲ್ಕು ವಾರದೊಳಗೆ ಆಗಬೇಕು. ತಾಯಿ ರಾಮದುರ್ಗದ ತವರಿನಲ್ಲಿ, ಕೂಸನ್ನು ಹೊರಗೆ ತೆಗೆಯದ ದಿನಗಳವು. "ಪೆಟ್ಟಿಗ್ಯಾಗ ಇಟ್ಟಿದ್ರು, ಈಗ ಆರಾಮ ಐತ್ರಿ" ಎನ್ನುವ ಅಜ್ಜಿಗೆ, ಬೆಳಗಾವಿಗೆ ಮತ್ತೆ ಯಾಕೆ ಹೋಗಬೇಕೆಂದು ಬರೀ ತಾರೀಖು ಬರೆದ ಚೀಟಿ ಹೇಳೀತೇ?

ನನ್ನ ನಿಜವಾದ ತಕರಾರು ಬೇರೆ: ಗೆರೆ ತೂಕ, ವಾರ ನೋಡುತ್ತದೆ, ವಂಶ ನೋಡುವುದಿಲ್ಲ. ಒಂದೇ ತೂಕ, ಅಷ್ಟೇ ಆಮ್ಲಜನಕ, ಆದರೂ ಒಂದು ಕೂಸಿಗೆ ರೋಗ, ಇನ್ನೊಂದಕ್ಕಿಲ್ಲ. 2006ರಲ್ಲಿ ಪ್ರಕಟವಾದ ಅಮೆರಿಕದ ಅವಳಿಗಳ ಅಧ್ಯಯನವೊಂದು ಈ ವ್ಯತ್ಯಾಸದ ಸುಮಾರು ಶೇಕಡಾ 70 ಭಾಗವನ್ನು ವಂಶವಾಹಿಗಳ ಲೆಕ್ಕಕ್ಕೆ ಬರೆಯಿತು. ಹಾಗೆಂದು ವಿಇಜಿಎಫ್ ವಂಶವಾಹಿಯ ಭೇದಗಳನ್ನು ನೋಡಿ ಭವಿಷ್ಯ ಹೇಳಲು ಹೊರಡುವುದು ಅವಸರ. ಒಂದು ಜನಸಮುದಾಯದಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣುತ್ತಿಲ್ಲ.

ಎಫ್‌ಜೆಡ್‌ಡಿ4, ಎಲ್‌ಆರ್‌ಪಿ5 ವಂಶವಾಹಿಗಳ ಕಥೆ ಮಾತ್ರ ಗಟ್ಟಿ. ಇವುಗಳಲ್ಲಿ ದೋಷವಿದ್ದರೆ ದಿನ ತುಂಬಿ, ಮೂರು ಕಿಲೋ ತೂಗಿ ಹುಟ್ಟಿದ ಕೂಸಿನ ರೆಟಿನಾದಲ್ಲೂ ನಾಳಗಳು ಅಂಚು ಮುಟ್ಟದೇ ಇರಬಹುದು. ರೋಗ ಆರ್‌ಒಪಿಯಂತೆಯೇ ಕಾಣುತ್ತದೆ, ತಪಾಸಣೆಯ ಗೆರೆಗೆ ಮಾತ್ರ ಸಿಗುವುದಿಲ್ಲ. ಎಲ್‌ಆರ್‌ಪಿ5ರ ಕೆಲವು ರೂಪಗಳಿಗೆ ತಂದೆತಾಯಿ ಇಬ್ಬರಿಂದಲೂ ದೋಷ ಬರಬೇಕು. ಸೋದರಮಾವನಿಗೆ ಹೆಣ್ಣು ಕೊಡುವ ಸೀಮೆಯಲ್ಲಿ ಇದು ದೂರದ ಮಾತಲ್ಲ. ಎಫ್‌ಜೆಡ್‌ಡಿ4ಕ್ಕೆ ಒಬ್ಬರಿಂದ ಬಂದರೂ ಸಾಕು, ಆ ಒಬ್ಬರಿಗೆ ತಮ್ಮ ಕಣ್ಣಿನ ದೋಷ ಜನ್ಮವಿಡೀ ಗೊತ್ತಾಗದೆಯೂ ಇರಬಹುದು. ಆದ್ದರಿಂದ ದುಬಾರಿ ವಂಶವಾಹಿ ಪರೀಕ್ಷೆ ಬರೆಯುವ ಮೊದಲು, ಮನೆತನದಲ್ಲಿ ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡವರಿದ್ದಾರೆಯೇ ಎಂದು ಕೇಳಿ, ಅನುಮಾನ ಬಂದರೆ ತಂದೆತಾಯಿಯ ರೆಟಿನಾವನ್ನೂ ನೋಡಬೇಕು.