ಒತ್ತಕ್ಷರ ಕಾಣಬೇಕು, ಮೊಣಕೈ ಕೂರಬೇಕು

"ಎರಡಡಿ ಅಗಲ ಸಾಕು ಸಾರ್, ಎಲ್ಲರೂ ಅಷ್ಟೇ ಮಾಡಿಸ್ಕೊಳ್ಳೋದು" ಎಂದರು ಆಚಾರ್ರು.

ಅವರ ಮಾತಿನ ಹಿಂದಿನ ಲೆಕ್ಕ ನನಗೆ ಗೊತ್ತಿತ್ತು. ಪ್ಲೈವುಡ್ ಶೀಟು ಬರುವುದು 8 ಅಡಿಗೆ 4 ಅಡಿ. ನಟ್ಟನಡುವೆ ಉದ್ದಕ್ಕೆ ಕೊಯ್ದರೆ ಎರಡಡಿಯ ಎರಡು ಹಲಗೆ, ಚೂರೂ ದಂಡವಿಲ್ಲ. ನಮ್ಮ ಮನೆಗಳ ಓದುವ ಮೇಜುಗಳು ಎರಡಡಿಗೇ ನಿಂತುಬಿಟ್ಟಿರುವುದರಲ್ಲಿ ಈ ಶೀಟಿನ ಪಾಲು ದೊಡ್ಡದು. ಆದರೆ ಕಣ್ಣಿಗೂ ಮಾನಿಟರ್‌ಗೂ ನಡುವೆ ಎಷ್ಟು ದೂರ ಇರಬೇಕೆಂದು ಪ್ಲೈವುಡ್ ಹೇಳುವುದು ಬೇಡ. "ಎರಡೂವರೆ ಅಡಿ ಮಾಡಿ ಆಚಾರ್ರೇ. ಉಳಿಯೋ ಒಂದೂವರೆ ಅಡಿ ಪಟ್ಟಿಯಲ್ಲಿ ಪ್ರಿಂಟರ್‌ಗೊಂದು ಸ್ಟ್ಯಾಂಡು, ಗೋಡೆಗೊಂದು ಶೆಲ್ಫು ಆಗತ್ತಲ್ಲ" ಎಂದೆ. ಅವರು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಶೀಟಿನ ಮೇಲೆ ಗೆರೆ ಎಳೆದರು.

ಮೇಜು ನನ್ನ ತಂಗಿಯ ಮಗಳದ್ದು. ಸಾಗರದ ಹತ್ತಿರದ ಊರಿನಲ್ಲಿ ಕೂತು ಕನ್ನಡ ಪುಸ್ತಕಗಳ ಪುಟ ಕಟ್ಟುತ್ತಾಳೆ, ಕರಡು ತಿದ್ದುತ್ತಾಳೆ. ಇಷ್ಟು ವರ್ಷ ಊಟದ ಮೇಜಿನ ಒಂದು ತುದಿಯೇ ಅವಳ ಕಚೇರಿಯಾಗಿತ್ತು. ಹೋದ ತಿಂಗಳು ಫೋನು ಮಾಡಿ, "ಮಾವ, 60 ಸಾವಿರ ಕೂಡಿಟ್ಟಿದೀನಿ, ಯಾವ ಕಂಪ್ಯೂಟರ್ ತಗೊಳ್ಳಲಿ?" ಎಂದಳು. ಅವಳು ಕಳಿಸಿದ ಪಟ್ಟಿಯಲ್ಲಿ ಹೊಸ ಪ್ರೊಸೆಸರ್ ಇತ್ತು, ಗ್ರಾಫಿಕ್ಸ್ ಕಾರ್ಡ್ ಇತ್ತು, ಬಣ್ಣಬಣ್ಣದ ದೀಪ ಉರಿಯುವ ಡಬ್ಬಿ ಇತ್ತು. ಮೇಜು, ಕುರ್ಚಿ, ಮಾನಿಟರ್ ಒಂದೂ ಇರಲಿಲ್ಲ. ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ಹತ್ತಕ್ಕೆ ಒಂಬತ್ತು ಪಟ್ಟಿಗಳು ಹೀಗೇ ಇರುತ್ತವೆ. ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವುದು ಕಣ್ಣು, ಬೆರಳು, ಬೆನ್ನು. ಡಬ್ಬಿ ಅವುಗಳ ಸೇವೆಗೆ ಇರುವಂಥದ್ದು. ಹಣವೂ ಆ ಕ್ರಮದಲ್ಲೇ ಹೋಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

"ಮೊದಲು ಟೇಪು ಹಿಡಿ" ಎಂದೆ. ಗಟ್ಟಿ ಕುರ್ಚಿಯ ಮೇಲೆ ಕೂತು, ಪಾದ ಪೂರ್ತಿ ನೆಲಕ್ಕೆ ಊರಿ, ಭುಜ ಇಳಿಬಿಟ್ಟು, ಮೊಣಕೈಯನ್ನು ಎಲ್‌ ಆಕಾರಕ್ಕೆ ಮಡಚಿ, ನೆಲದಿಂದ ಮೊಣಕೈವರೆಗೆ ಅಳೆಯುವುದು. ಐದಡಿ ಎರಡಿಂಚು ಎತ್ತರದ ಹುಡುಗಿಗೆ ಅದು 25 ಇಂಚು ಬಂತು. ಊಟದ ಮೇಜಿನ ಎತ್ತರ 30 ಇಂಚು. ಆ ಐದು ಇಂಚಿನ ವ್ಯತ್ಯಾಸವನ್ನು ಅವಳು ಇಷ್ಟು ವರ್ಷ ಭುಜ ಎತ್ತಿಯೇ ತುಂಬಿಸಿದ್ದಳು. ಸಂಜೆಯಾದರೆ ಕುತ್ತಿಗೆ ಹಿಡಿಯುತ್ತದೆ ಎಂದು ಎಣ್ಣೆ ತಿಕ್ಕಿಕೊಳ್ಳುತ್ತಿದ್ದವಳ ರೋಗದ ಮೂಲ ಅಲ್ಲಿತ್ತು. ಕೀಬೋರ್ಡಿನ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಬೇಕು: ಮೆಕ್ಯಾನಿಕಲ್ ಕೀಬೋರ್ಡುಗಳು ಒಂದಿಂಚಿಗೂ ಮೇಲಿರುತ್ತವೆ. ಆ ದಪ್ಪವನ್ನೂ ಕಳೆದು ಹೊಸ ಮೇಜಿನ ಎತ್ತರ ನಿಗದಿ ಮಾಡಿದೆವು. ಹಲಗೆಯ ಕೆಳಗೆ ಡ್ರಾಯರ್ ಬೇಡವೆಂದೆ, ತೊಡೆಗೆ ತಾಗುತ್ತದೆ.

ಮಳೆನಾಡಿಗೆ ಪಾರ್ಟಿಕಲ್ ಬೋರ್ಡ್ ಆಗಿಬರುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಂಚು ಉಬ್ಬಿ ಮೈಕಾ ಎದ್ದು ನಿಲ್ಲುತ್ತದೆ. ಐಎಸ್ 710 ಮುದ್ರೆಯ 19 ಎಂಎಂ ಪ್ಲೈವುಡ್‌ಗೆ ಮೇಲೂ ಕೆಳಗೂ ಲ್ಯಾಮಿನೇಟ್ ಹಾಕಿಸಿದೆವು. ಒಂದೇ ಬದಿಗೆ ಹಾಕಿದರೆ ತೇವದ ಎಳೆತ ಎರಡು ಕಡೆಗೆ ಸಮನಾಗದೆ ಹಲಗೆ ಡೊಂಕಾಗುತ್ತದೆ. ಮೇಲ್ಮೈ ಮ್ಯಾಟ್ ಆಗಿರಲಿ. ಹೊಳಪಿನ ಮೈಕಾ ಅಂಗಡಿಯಲ್ಲಿ ಚೆಂದ, ಮೇಜಿನ ಮೇಲೆ ಟ್ಯೂಬ್‌ಲೈಟಿನ ಕನ್ನಡಿ.

ಇನ್ನು ಮಾನಿಟರ್. ಇದರ ಬಗ್ಗೆ ಕನ್ನಡದವರು ಯೋಚಿಸಬೇಕಾದ ರೀತಿಯೇ ಬೇರೆ ಎಂದು ನಾನು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದೇನೆ. ಮಾನಿಟರ್ ಹೇಗಿದ್ದರೆ ಸಾಕು ಎಂಬ ಲೆಕ್ಕ ಹುಟ್ಟಿದ್ದು ಇಂಗ್ಲಿಷ್ ಅಕ್ಷರ ನೋಡಿಕೊಂಡು. ಆ ಅಕ್ಷರಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ. ನಮ್ಮವು ಒಂದರ ಕೆಳಗೆ ಒಂದು ಇಳಿಯುತ್ತವೆ. ‘ರಾಷ್ಟ್ರ’ ಎಂಬುದರಲ್ಲಿ ಷಕಾರದ ಕೆಳಗೆ ಟಕಾರ, ಅದರ ಜೊತೆಗೆ ರಕಾರ. ‘ವೈಶಿಷ್ಟ್ಯ’, ‘ಸ್ತ್ರೀ’, ‘ಲಕ್ಷ್ಮಿ’ ಇವುಗಳ ಒತ್ತುಗಳು ಮೂಲ ಅಕ್ಷರದ ಅರ್ಧದಷ್ಟು ಗಾತ್ರಕ್ಕೆ ಕುಗ್ಗಿ ಕೂತಿರುತ್ತವೆ. ಅದಕ್ಕಿಂತ ಸೂಕ್ಷ್ಮವಾದದ್ದು ಹೊಟ್ಟೆ ಸೀಳು. ದ-ಧ, ಡ-ಢ, ಬ-ಭ ಈ ಜೋಡಿಗಳ ನಡುವೆ ಇರುವುದು ಬುಡದಲ್ಲಿ ಒಂದು ಕಿರುಗೆರೆ ಮಾತ್ರ. ‘ಬಾರ’ ಮತ್ತು ‘ಭಾರ’, ‘ದಾರಿ’ ಮತ್ತು ‘ಧಾರಿ’ ಬೇರೆ ಬೇರೆ ಪದಗಳಾಗಿ ಉಳಿಯುವುದು ಆ ಗೆರೆಯಿಂದ. ಕರಡು ತಿದ್ದುವವಳಿಗೆ ಅದು ಕಾಣದಿದ್ದರೆ ಓದುಗರಿಗೆ ತಪ್ಪು ಪುಸ್ತಕ ಹೋಗುತ್ತದೆ.

ಲೆಕ್ಕ ಹೀಗಿದೆ. ಆರೋಗ್ಯವಂತ ಕಣ್ಣು ಬೇರ್ಪಡಿಸಿ ನೋಡಬಲ್ಲ ಕನಿಷ್ಠ ಕೋನ ಡಿಗ್ರಿಯ 60ನೇ ಒಂದು ಭಾಗ. 70 ಸೆಂಟಿಮೀಟರ್ ದೂರದಲ್ಲಿ ಅದು 0.2 ಮಿಲಿಮೀಟರ್ ಆಗುತ್ತದೆ. 24 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ನ ಒಂದೊಂದು ಚುಕ್ಕಿ 0.28 ಮಿಲಿಮೀಟರ್. ಅಂದರೆ ಕಣ್ಣು ಕೇಳುವುದಕ್ಕಿಂತ ಒರಟು. ಅದೇ ಫುಲ್ ಎಚ್‌ಡಿಯನ್ನು 27 ಇಂಚಿಗೆ ಎಳೆದರೆ 0.31, ಇನ್ನೂ ಒರಟು. ದೊಡ್ಡದು ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರು ಮೋಸ ಹೋಗುವುದು ಇಲ್ಲಿಯೇ. 27 ಇಂಚಿನ 1440ರದ್ದು 0.23, ಹತ್ತಿರ ಬಂತು. 27 ಇಂಚಿನ 4ಕೆ ಮಾನಿಟರ್‌ನದ್ದು 0.16. ಇಲ್ಲಿ ಮಾತ್ರ ಚುಕ್ಕಿ ಮರೆಯಾಗಿ ಅಕ್ಷರ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಕೆಲಸ ಮಾಡುವವರಿಗೆ 1440 ಧಾರಾಳ ಸಾಕು. ದಿನವಿಡೀ ಕನ್ನಡ ಓದುವವರು 4ಕೆಗೆ ಹೋಗಬೇಕು, ಸ್ಕೇಲಿಂಗನ್ನು 150 ಪರ್ಸೆಂಟ್‌ಗೆ ಇಡಬೇಕು. ಅವಳ 60 ಸಾವಿರದಲ್ಲಿ ಹೆಚ್ಚುಕಡಿಮೆ ಅರ್ಧ ಇದಕ್ಕೇ ಹೋಯಿತು. ಒಂದು ರೂಪಾಯಿಯೂ ವ್ಯರ್ಥವಾಗಿಲ್ಲ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ನಿಮ್ಮದೇ ಒಂದು ಕನ್ನಡ ಪುಟ ಒಯ್ಯಿರಿ. ಬೆಂಗಳೂರಿನ ಎಸ್.ಪಿ. ರಸ್ತೆಯಿರಲಿ, ಜಿಲ್ಲಾ ಕೇಂದ್ರದ ಷೋರೂಮಿರಲಿ, ಮಾನಿಟರ್‌ ಮೇಲೆ ಓಡುತ್ತಿರುವುದು ಜಲಪಾತ, ಗಿಳಿ, ಹೂವು. ಅವು ಯಾವ ಮಾನಿಟರ್‌ನಲ್ಲೂ ಚೆನ್ನಾಗಿಯೇ ಕಾಣುತ್ತವೆ. "ಒಂದು ನಿಮಿಷ, ಈ ಪಿಡಿಎಫ್ ತೆಗೀರಿ" ಎನ್ನಲು ಸಂಕೋಚ ಬೇಡ. ನಾವು ಹಾಗೆಯೇ ಮಾಡಿದೆವು. ಅವಳು ಒಂದು ತೋಳಿನಷ್ಟು ದೂರ ನಿಂತು ಅಡಿಟಿಪ್ಪಣಿಯ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿದಳು. ಎರಡನೇ ಮಾನಿಟರ್‌ನಲ್ಲಿ ‘ಸಾಮರ್ಥ್ಯ’ದ ಹತ್ತಿರ ತಡವರಿಸಿದಳು, ಮೂರನೆಯದರಲ್ಲಿ ಸಲೀಸಾಗಿ ಓದಿದಳು. ಆಯ್ಕೆ ಅಲ್ಲಿಗೆ ಮುಗಿಯಿತು. ಕೆಲವು ಓಎಲ್‌ಇಡಿ ಮಾನಿಟರ್‌ಗಳಲ್ಲಿ ಕೆಂಪು-ಹಸಿರು-ನೀಲಿ ಬಿಂದುಗಳ ಜೋಡಣೆ ಬೇರೆ ಥರ ಇರುವುದರಿಂದ ಅಕ್ಷರದ ಅಂಚಿಗೆ ಬಣ್ಣದ ಎಳೆ ಕಾಣಿಸುತ್ತದೆ. ಸಿನಿಮಾಕ್ಕೆ ಅವು ಅಮೋಘ, ಕರಡಿಗೆ ಐಪಿಎಸ್ ಒಳ್ಳೆಯದು.

ಮನೆಗೆ ತಂದು ಜೋಡಿಸಿದ ಮೇಲೆ ಮೌಸ್ ಯಾಕೋ ಎಳೆದಂತೆ ಚಲಿಸುತ್ತಿತ್ತು. ಹಳೆಯ ಕಂಪ್ಯೂಟರಿನ ಎಚ್‌ಡಿಎಂಐ ಕಿಂಡಿ 1.4 ಪೀಳಿಗೆಯದು, 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು. ಪಕ್ಕದಲ್ಲಿದ್ದ ಡಿಸ್‌ಪ್ಲೇಪೋರ್ಟ್ ಕಿಂಡಿಗೆ ಕೇಬಲ್ ಬದಲಿಸಿದ ಕೂಡಲೇ 60 ಆಯಿತು. ಮಾನಿಟರ್ ಕೊಳ್ಳುವ ಮೊದಲೇ ಡಬ್ಬಿಯ ಬೆನ್ನು ತಿರುಗಿಸಿ ನೋಡಿಕೊಳ್ಳಿ.

ಮಾನಿಟರ್‌ನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ. ಚಾಳೀಸಿನ ಕನ್ನಡಕದವರು ಇನ್ನೂ ಇಳಿಸಿಕೊಳ್ಳಬೇಕು, ಇಲ್ಲವಾದರೆ ಗಾಜಿನ ಕೆಳಭಾಗದಿಂದ ಓದಲು ಗದ್ದ ಎತ್ತಿ ಎತ್ತಿ ಕತ್ತು ಸೋಲುತ್ತದೆ. ಇದಕ್ಕಾಗಿಯೇ ನನಗೆ ಮಾನಿಟರ್ ಆರ್ಮ್ ಪ್ರೀತಿ. ಮಾನಿಟರ್ ಬೆನ್ನಿಗೆ 100 ಎಂಎಂ ಚೌಕದಲ್ಲಿ ನಾಲ್ಕು ಸ್ಕ್ರೂ ರಂಧ್ರಗಳಿದ್ದರೆ ಯಾವ ಕಂಪನಿಯ ಆರ್ಮ್ ಆದರೂ ಕೂರುತ್ತದೆ. ಮೇಜು ಕಚ್ಚುವ ಜಾಗದಲ್ಲಿ ಕೆಳಗೊಂದು ಪ್ಲೈವುಡ್ ತುಂಡು ಕೊಟ್ಟರೆ ಹಲಗೆ ನಲುಗುವುದಿಲ್ಲ.

ಕೀಬೋರ್ಡಿಗೆ ಬಂದೆವು. ಅವಳು ಟೈಪ್ ಮಾಡುವುದು ‘ನುಡಿ’ ತಂತ್ರಾಂಶದಲ್ಲಿ, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ. ಇದರಲ್ಲಿ ಒತ್ತಕ್ಷರ ಮೂಡಬೇಕಾದರೆ ನಡುವೆ ಎಫ್ ಕೀ ಒತ್ತಬೇಕು. ‘ರಾಷ್ಟ್ರ’ಕ್ಕೆ ಎರಡು ಸಲ, ‘ಅಕ್ಕ’ನಿಗೆ ಒಂದು ಸಲ. ಎಫ್ ಕೀ ಮೇಲೆ ಒಂದು ಸಣ್ಣ ಉಬ್ಬುಗೆರೆ ಇರುವುದನ್ನು ಗಮನಿಸಿದ್ದೀರಾ? ಎಡಗೈಯ ತೋರುಬೆರಳು ಕಣ್ಣುಮುಚ್ಚಿಯೂ ಬಂದು ಕೂರಲೆಂದು ಇಟ್ಟ ಗುರುತು ಅದು. ಕೈಯ ಅತಿ ಸಮರ್ಥ ಬೆರಳು ನಿಂತಲ್ಲೇ ಕನ್ನಡದ ಒತ್ತನ್ನು ಇಟ್ಟಿರುವುದು ಎಂಥ ಸೊಗಸಾದ ಏರ್ಪಾಡು ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಅದಕ್ಕೇ ಕನ್ನಡದ ಟೈಪಿಗರ ಕೀಬೋರ್ಡಿನಲ್ಲಿ ಮೊದಲು ಸೋಲುವುದೂ ಆ ಎಫ್ ಕೀ. ಅವಳ ಹಳೆಯದರಲ್ಲಿ ಆ ಕೀ ಎರಡು ಸಲ ಒತ್ತಿದರೆ ಒಂದು ಸಲ ಏಳುತ್ತಿತ್ತು, ಒತ್ತುಗಳೆಲ್ಲ ತಪ್ಪಿಹೋಗುತ್ತಿದ್ದವು.

ರಬ್ಬರ್ ಗುಮ್ಮಟದ ಕೀಬೋರ್ಡಿನಲ್ಲಿ ಬೆರಳು ತಳ ಮುಟ್ಟುವವರೆಗೆ ಅಕ್ಷರ ಮೂಡುವುದಿಲ್ಲ. ಮೆಕ್ಯಾನಿಕಲ್ ಸ್ವಿಚ್ಚು ನಾಲ್ಕು ಮಿಲಿಮೀಟರಿನ ಹಾದಿಯಲ್ಲಿ ಎರಡಕ್ಕೆ ಇಳಿದಾಗಲೇ ಅಕ್ಷರ ದಾಖಲಿಸುತ್ತದೆ. ಬೆರಳು ಅರ್ಧ ದಾರಿಯಲ್ಲೇ ಹಿಂದಿರುಗಬಹುದು. ನಮ್ಮಲ್ಲಿ ಟಿವಿಎಸ್ ಗೋಲ್ಡ್ ಕೀಬೋರ್ಡಿನ ಟಕಟಕ ಸದ್ದು ಬಿಲ್ಲಿಂಗ್ ಕೌಂಟರುಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಕೇಳಿ ಪರಿಚಿತ. ಅದರ ನೀಲಿ ಸ್ವಿಚ್ಚಿನ ಗಟ್ಟಿತನಕ್ಕೆ ನನ್ನ ಪೂರ್ಣ ಗೌರವವಿದೆ. ಆದರೆ ಅವಳು ರಾತ್ರಿ ಮಗು ಮಲಗಿದ ಮೇಲೆ ಕೆಲಸಕ್ಕೆ ಕೂರುವವಳು. ಕಂದು ಸ್ವಿಚ್ಚಿನದನ್ನು ಆರಿಸಿದೆವು: ಬೆರಳಿಗೆ ತಟ್ಟುತ್ತದೆ, ಕಿವಿಗೆ ಬಡಿಯುವುದಿಲ್ಲ. ಕೀಗಳನ್ನು ಕಿತ್ತು ಸ್ವಿಚ್ಚನ್ನೂ ಬದಲಿಸಬಹುದಾದ ಮಾದರಿ. ಮುಂದೆ ಎಫ್ ಸೋತರೆ ಅದೊಂದನ್ನೇ ಹೊಸದು ಹಾಕಿದರಾಯಿತು.

ಇಷ್ಟೆಲ್ಲ ಆದ ಮೇಲೆ ಕಂಪ್ಯೂಟರ್. 2019ರಲ್ಲಿ ಕೊಂಡದ್ದು, ಇಂಟೆಲ್ ಎಂಟನೇ ತಲೆಮಾರಿನದು. ಪುಟ ಕಟ್ಟುವುದಕ್ಕೆ ಅದರ ಶಕ್ತಿ ಇಂದಿಗೂ ಸಾಲುತ್ತದೆ. ನಿಧಾನವಾಗಿದ್ದುದು ಒಳಗಿನ ಹಾರ್ಡ್ ಡಿಸ್ಕು. ತಿರುಗುವ ತಟ್ಟೆಯ ಮೇಲೆ ಸೂಜಿ ಹುಡುಕುತ್ತಾ ಓಡಾಡುವ ಆ ಯಂತ್ರ ಚದುರಿದ ಕಡತಗಳನ್ನು ಸೆಕೆಂಡಿಗೆ ನೂರರಷ್ಟು ಸಲ ಮಾತ್ರ ತಲುಪಬಲ್ಲದು. ಎಸ್‌ಎಸ್‌ಡಿ ಅದನ್ನೇ ಹತ್ತಾರು ಸಾವಿರ ಸಲ ಮಾಡುತ್ತದೆ. ಎಸ್‌ಎಸ್‌ಡಿ ಹಾಕಿ, 8 ಜಿಬಿ ರ್‍ಯಾಮನ್ನು 16 ಮಾಡಿದೆವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿದೆ. ಎಂಟನೇ ತಲೆಮಾರಿನ ಪ್ರೊಸೆಸರ್ ವಿಂಡೋಸ್ 11ರ ಒಪ್ಪಿಗೆ ಪಟ್ಟಿಯಲ್ಲಿರುವುದರಿಂದ ಅದಕ್ಕೂ ಪೇಚಾಟವಾಗಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಪಟ್ಟಿಯಿಂದ ಹೊರಬಿತ್ತು.

ಮಲೆನಾಡಿನಲ್ಲಿ ಕರೆಂಟಿನ ಮಾತು ಆಡದೆ ಮೇಜಿನ ಮಾತು ಮುಗಿಯದು. ಅವರ ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್ ಕೊಡುವಂಥದ್ದು. ಫ್ಯಾನು ಗುಂಯ್‌ಗುಡುವುದು ಅದರಿಂದಲೇ. ಇಂದಿನ ಕಂಪ್ಯೂಟರ್ ಪವರ್ ಸಪ್ಲೈಗಳಿಗೆ ಆ ಅಲೆ ಹಿತವಲ್ಲ. ಜೊತೆಗೆ, ಕರೆಂಟು ಹೋದ ಕ್ಷಣದಿಂದ ಇನ್ವರ್ಟರ್ ಎಚ್ಚರಗೊಳ್ಳುವವರೆಗಿನ ಸಂದನ್ನು ಪವರ್ ಸಪ್ಲೈ 16-17 ಮಿಲಿಸೆಕೆಂಡುಗಳಷ್ಟು ಕಾಲ ಮಾತ್ರ ತಡೆದುಕೊಳ್ಳಬಲ್ಲದು. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಸ್ವಿಚ್ಚಿದ್ದರೆ ಅದನ್ನು ಹಾಕಿದಾಗ ಸಂದು ಕಿರಿದಾಗುತ್ತದೆ. ಆದರೂ ಮೇಜಿಗೊಂದು ಸ್ವಂತ ಯುಪಿಎಸ್ ಇರಲಿ, ಅದರ ಪ್ಲಗ್ಗು ಇನ್ವರ್ಟರ್ ಲೈನಿನಲ್ಲಿ ಬೇಡ. ಡಬ್ಬಿಯ ಮೇಲೆ 600 ವಿಎ ಎಂದಿದ್ದರೆ ಕೈಗೆ ಸಿಗುವುದು ಸಾಮಾನ್ಯವಾಗಿ 360 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿಗೂ ಮಾನಿಟರ್‌ಗೂ ಅಷ್ಟು ಸಾಕು.

ಎಲ್ಲಕ್ಕಿಂತ ಮೊದಲು ಅರ್ಥಿಂಗ್. ಕಂಪ್ಯೂಟರಿನ ಲೋಹದ ಮೈ ಮುಟ್ಟಿದರೆ ಜುಂ ಎನ್ನುತ್ತದೆಯೆಂದರೆ ಮೂರನೇ ಪಿನ್ನಿಗೆ ನೆಲದ ಸಂಪರ್ಕವಿಲ್ಲ ಎಂದು ತಿಳಿಯಿರಿ. ವೈರಿಂಗ್‌ನವರನ್ನು ಕರೆಸಿ ನೋಡಿದರೆ, ಅವರ ಮನೆಯ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ಬಿರಿದಿತ್ತು. ಇದ್ದಿಲು-ಉಪ್ಪು ತುಂಬಿಸಿ ನೀರು ಹೊಯ್ದ ಮೇಲೆ ಜುಂ ನಿಂತಿತು. ಏಪ್ರಿಲ್-ಮೇ ತಿಂಗಳ ಗುಡುಗಿಗೆ ಇಷ್ಟೂ ಸಾಲದು. ದೂರದಲ್ಲಿ ಗುಡುಗಿದ ಕೂಡಲೇ ಯುಪಿಎಸ್‌ನ ಪ್ಲಗ್ಗನ್ನೇ ಗೋಡೆಯಿಂದ ಕಿತ್ತಿಡುವುದು ಅಲ್ಲಿನ ರೂಢಿ, ಅದೇ ಸರಿ. ರೌಟರಿನ ಅಡಾಪ್ಟರ್ ಮರೆತುಬಿಡುತ್ತಾರೆ, ಅದನ್ನೂ ಕೀಳಬೇಕು.

ಕಿಟಕಿ ಎಡಕ್ಕೆ ಬರುವಂತೆ ಮೇಜು ತಿರುಗಿಸಿದೆವು. ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ, ಬೆನ್ನಿಗಿದ್ದರೆ ಮಾನಿಟರ್‌ನಲ್ಲಿ ತೋಟವೇ ಕಾಣುತ್ತದೆ. ಆಚಾರ್ರು ಹಲಗೆಯ ಹಿಂಬದಿಗೆ 60 ಎಂಎಂ ತೂತು ಕೊರೆದು ಕೊಟ್ಟರು. ಪ್ಲಗ್ಗುಗಳ ಪಟ್ಟಿಯನ್ನು ಹಲಗೆಯ ಅಡಿಗೆ ಸ್ಕ್ರೂ ಹಾಕಿ ತಲೆಕೆಳಗಾಗಿ ನಿಲ್ಲಿಸಿದ್ದರಿಂದ ನೆಲಕ್ಕೆ ಇಳಿಯುವುದು ಈಗ ಒಂದೇ ವೈರು, ಗುಡಿಸುವುದಕ್ಕೆ ಅಡ್ಡಿಯಿಲ್ಲ.

ಕುರ್ಚಿ ಮಾತ್ರ ಇನ್ನೂ ಬಂದಿಲ್ಲ. ಅವಳಿಗೆ ಸೀಟು 16 ಇಂಚಿಗಿಂತ ಕೆಳಗೆ ಇಳಿಯುವಂಥದ್ದು ಬೇಕು, ಸೊಂಟದ ಆಸರೆ ಮೇಲೆ-ಕೆಳಗೆ ಸರಿಯಬೇಕು, ಕೈಯಾಸರೆ ಮೇಜಿನಡಿ ನುಗ್ಗಬೇಕು. ಬರುವ ಭಾನುವಾರ ಶಿವಮೊಗ್ಗಕ್ಕೆ ಹೋಗುತ್ತೇವೆ. ಪ್ರತಿ ಕುರ್ಚಿಯಲ್ಲೂ ಹತ್ತು ಹತ್ತು ನಿಮಿಷ ಕೂರಬೇಕೆಂದು ಅವಳಿಗೆ ಹೇಳಿಟ್ಟಿದ್ದೇನೆ. ಓದಲು ಒಂದು ಕರಡನ್ನೂ ಕೈಯಲ್ಲಿ ತರುತ್ತಾಳಂತೆ.