ಗುಡಿ ಆಚೆ, ನಂದಿ ಈಚೆ

ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೆ ಬರುವವರು ಬಿಡುವು ಸಿಕ್ಕಾಗ ಏನೇನು ನೋಡಬಹುದು ಎಂಬುದನ್ನು ಈ ವಾರ ಬರೆಯುವುದಾಗಿ ಹೇಳಿಯಾಗಿತ್ತು. 2012ರ ಅಕ್ಟೋಬರಿನಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದಾಗಿನಿಂದ, ಡಿಸೆಂಬರ್ ಬಂತೆಂದರೆ ಇಂಥ ಪಟ್ಟಿಗಳು ಎಲ್ಲ ಕಡೆಯೂ ಹೊರಬೀಳುತ್ತವೆ. ಎಲ್ಲವೂ ಒಂದೇ ಅಚ್ಚಿನವು: ಕೋಟೆ, ಕಮಲ ಬಸದಿ, ಗೋಕಾಕ ಜಲಪಾತ, ಸವದತ್ತಿ ಎಲ್ಲಮ್ಮ, ಕಿತ್ತೂರು. ಇವುಗಳಲ್ಲಿ ನೋಡಬಾರದ್ದು ಒಂದೂ ಇಲ್ಲ. ಆದರೆ ನಕ್ಷೆಯ ಮೇಲೆ ಬೆರಳಿಟ್ಟು ನೋಡಿದರೆ, ಘಟಪ್ರಭೆ ದಾಟುತ್ತಲೇ ಪಟ್ಟಿ ನಿಂತುಹೋಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳು ಪಟ್ಟಿ ಮಾಡುವವರ ಕಣ್ಣಿಗೆ ಬರೀ ಕಬ್ಬು, ತಂಬಾಕು, ಸಕ್ಕರೆ ಕಾರ್ಖಾನೆ. ಅವರದು ಪಟ್ಟಣದ ಸುತ್ತ ದುಂಡಗೆ ಗೆರೆ ಎಳೆದು, ರಾಜ್ಯದ ಗಡಿ ಬಂದಲ್ಲಿ ಕತ್ತರಿಸುವ ಪದ್ಧತಿ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಸೀಮೆಯನ್ನು ಹೀಗೆ ನೋಡಿದರೆ ಪ್ರತಿಯೊಂದೂ ಅರ್ಧಕ್ಕೇ ತುಂಡಾಗುತ್ತದೆ. ಇಲ್ಲಿ ನದಿಯ ಗುಂಟ ಹೋಗಬೇಕು ಎಂಬುದು ಈ ಅಂಕಣದ ಹಳೆಯ ವಾದ. ಅಧಿವೇಶನದ ನೆಪದಲ್ಲಿ ಅದನ್ನೇ ಪೂರ್ತಿಯಾಗಿ ಹೇಳಿಬಿಡುವುದು ಲೇಸು.

ಕಮಲ ಬಸದಿಯಿಂದಲೇ ಹೊರಡೋಣ, ಅದು ಎಲ್ಲರ ಪಟ್ಟಿಯಲ್ಲೂ ಇದೆ. ಬೆಳಗಾವಿ ರಾಜಧಾನಿಯಾದದ್ದು ಮೊನ್ನೆ ಮೊನ್ನೆಯಲ್ಲ. ಸವದತ್ತಿಯ ರಟ್ಟರು ಹದಿಮೂರನೆಯ ಶತಮಾನದ ಮೊದಲ ಭಾಗದಲ್ಲಿ ವೇಣುಗ್ರಾಮದಿಂದ, ಅಂದರೆ ಈ ಊರಿನಿಂದಲೇ, ಆಳಿದರು. ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ ನೇಮಿನಾಥ ಜಿನಾಲಯವೇ ಇಂದಿನ ಕಮಲ ಬಸದಿ. ಕಾಲ 1204ರ ಸುಮಾರು. ಆ ವರ್ಷದ ಎರಡು ಬೆಳಗಾವಿ ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಚಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲಕ್ಕೆ 72 ದಳಗಳು, ಹಿಂದಿನ, ಇಂದಿನ, ಮುಂದಿನ ಕಾಲಗಳ ತಲಾ 24 ತೀರ್ಥಂಕರರ ಲೆಕ್ಕ. ಬಂದವರು ತಲೆಯೆತ್ತಿ ಫೋಟೊ ತೆಗೆದು ಮುಂದಿನ ಊರಿಗೆ ಹೊರಡುತ್ತಾರೆ. ಆದರೆ ರಟ್ಟರ ನೆರೆಯವರಾದ ಕೊಲ್ಹಾಪುರದ ಶಿಲಾಹಾರರು ಹನ್ನೆರಡನೆಯ ಶತಮಾನದಲ್ಲಿ ಚಾವಣಿಯ ನಡುವನ್ನು ಹೇಗೆ ಮುಗಿಸುವುದೆಂಬ ಅದೇ ಸಮಸ್ಯೆಯನ್ನು ಹೇಗೆ ಬಿಡಿಸಿದ್ದರು ಎಂಬುದನ್ನು ನೋಡದವರಿಗೆ ಈ ಕಮಲವೂ ಪೂರ್ತಿ ದಕ್ಕುವುದಿಲ್ಲ. ಅದನ್ನು ನೋಡಲು ಕಾಗವಾಡ ತಾಲೂಕಿನ ಜುಗೂಳದ ಬಳಿ ಗಡಿಗೆ ತಾಗಿಕೊಂಡಿರುವ ಖಿದ್ರಾಪುರಕ್ಕೆ ಹೋಗಬೇಕು.

ಖಿದ್ರಾಪುರದ ಕೋಪೇಶ್ವರ ಗುಡಿಯ ಮುಂದಿನ ಸ್ವರ್ಗ ಮಂಟಪಕ್ಕೆ 48 ಕಂಬಗಳು. ಕಮಲ ಬಸದಿಯಲ್ಲಿ ಹೂವು ತೂಗುವ ಜಾಗದಲ್ಲಿ ಇಲ್ಲಿ ಏನೂ ಇಲ್ಲ. ನಡು ಚಾವಣಿಯನ್ನು ದುಂಡಗೆ ತೆರೆದೇ ಬಿಟ್ಟಿದ್ದಾರೆ. ಆ ತೆರಪಿನ ಸುತ್ತ 12 ಕಂಬಗಳ ಬಳೆ, ನೇರ ಕೆಳಗೆ ನೆಲದಲ್ಲಿ ಒಂದು ದುಂಡನೆಯ ಹಾಸುಗಲ್ಲು. ಕಟ್ಟಡ ಅರ್ಧಕ್ಕೆ ನಿಂತದ್ದರಿಂದ ಹೀಗಾಗಿದೆ ಎಂದು ಕೆಲವರು ಭಾವಿಸುತ್ತಾರೆ. ಅಂಚಿನ ಕೆತ್ತನೆಯ ಅಚ್ಚುಕಟ್ಟು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಅರ್ಧಕ್ಕೆ ಬಿಟ್ಟ ಕೆಲಸದಲ್ಲಿ ಅಂಚನ್ನು ಯಾರೂ ಇಷ್ಟು ನಯವಾಗಿ ಮುಗಿಸುವುದಿಲ್ಲ. ಕಾರ್ತಿಕ ಹುಣ್ಣಿಮೆಯ ನಡುರಾತ್ರಿ ಚಂದ್ರ ಆ ತೆರಪಿನ ಮೇಲೆ ಬರುತ್ತಾನೆ, ಜನ ಅದನ್ನು ನೋಡಲೆಂದೇ ಸೇರುತ್ತಾರೆ. ಇದು ಪವಾಡವಲ್ಲ, ಲೆಕ್ಕ. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ಎದುರು ಇರುತ್ತಾನೆ. ಕಾರ್ತಿಕದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುವಷ್ಟೇ ದೂರ ಚಂದ್ರ ಹೆಚ್ಚುಕಡಿಮೆ ಉತ್ತರಕ್ಕೆ ಇರುತ್ತಾನೆ, ಖಿದ್ರಾಪುರದ ಅಕ್ಷಾಂಶವೂ ಸುಮಾರು ಅಷ್ಟೇ, 17 ಡಿಗ್ರಿಗಿಂತ ತುಸು ಕೆಳಗೆ. ಹಾಗಾಗಿ ಚಂದ್ರ ನೆತ್ತಿಯ ಹತ್ತಿರಕ್ಕೆ ಬರಲೇಬೇಕು. ವರ್ಷದಿಂದ ವರ್ಷಕ್ಕೆ ಸ್ವಲ್ಪ ಆಚೀಚೆ ಆಗುವುದುಂಟು. ಕಟ್ಟಿದವರಿಗೆ ಈ ಲೆಕ್ಕ ಗೊತ್ತಿತ್ತೆಂದು ಒಪ್ಪಿಕೊಂಡರೆ, ಆ ಹಾಸುಗಲ್ಲಿನ ಮೇಲೆ ಬೀಳುವ ಬೆಳದಿಂಗಳ ಬೆಲೆ ಇನ್ನೂ ಹೆಚ್ಚುತ್ತದೆ.

ಕೋಪೇಶ್ವರನ ಎದುರು ಇರಬೇಕಾದ ನಂದಿ ಅಲ್ಲಿ ಇಲ್ಲ. ಆ ನಂದಿ ಇರುವುದು ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿ, ಖಿದ್ರಾಪುರದ ಕಡೆಗೇ ಮುಖ ಮಾಡಿಕೊಂಡು ಎಂಬುದು ಎರಡೂ ಕಡೆಯ ಜನರ ನಂಬಿಕೆ. ಯಡೂರಿನ ವೀರಭದ್ರನಿಗೆ ಭಕ್ತರ ಕೊರತೆಯಿಲ್ಲ, ಖಿದ್ರಾಪುರಕ್ಕೂ ಕೊಲ್ಹಾಪುರದ ಪ್ರವಾಸಿಗರು ಬರುತ್ತಾರೆ. ಎರಡನ್ನೂ ಒಂದೇ ದಿನ ನೋಡಿ ಎಂದು ಬರೆದ ಫಲಕ ಮಾತ್ರ ಎಲ್ಲೂ ಇಲ್ಲ, ಏಕೆಂದರೆ ಗುಡಿ ಒಂದು ರಾಜ್ಯದಲ್ಲಿದೆ, ನಂದಿ ಇನ್ನೊಂದರಲ್ಲಿ. ಖಿದ್ರಾಪುರ ಶಿರೋಳ ತಾಲೂಕಿನದು, ಮಹಾರಾಷ್ಟ್ರದ್ದು, ಅದನ್ನು ನಾವೇಕೆ ಹಾಡಿ ಹೊಗಳಬೇಕು ಎಂಬ ಆಕ್ಷೇಪ ಬಂದೇ ಬರುತ್ತದೆ. ಕೋಪೇಶ್ವರದ ಶಾಸನಗಳಲ್ಲಿ ಬಹುಪಾಲು ಕನ್ನಡದವು, ದೇವಗಿರಿಯ ಯಾದವ ಸಿಂಘಣನದು ಸಂಸ್ಕೃತದ್ದು. ಗಡಿ ವಾದಕ್ಕೆ ಸಾಕ್ಷಿ ಒದಗಿಸಲು ಇದನ್ನು ಹೇಳುತ್ತಿಲ್ಲ. ಓದಬಲ್ಲವರು ಓದಲು ಹೋಗಬೇಕು ಎಂಬುದಷ್ಟೇ ವಿಷಯ. ಬೆಂಗಳೂರಿನಿಂದ ಲೇಪಾಕ್ಷಿಗೆ ಹೋಗುವವರು ಅದು ಆಂಧ್ರದಲ್ಲಿದೆ ಎಂದು ಹಿಂದೆ ಸರಿಯುವುದಿಲ್ಲ. ಆ ರಾಜಧಾನಿಗೆ ಒಪ್ಪಿದ ನ್ಯಾಯ ಈ ರಾಜಧಾನಿಗೂ ಒಪ್ಪಬೇಕು.

ಎರಡನೆಯ ಆಕ್ಷೇಪ, ಈ ಭಾಗದಲ್ಲಿ ದೇವಸ್ಥಾನ ಬಿಟ್ಟರೆ ನೋಡಲು ಏನಿದೆ ಎಂಬುದು. ಇದಕ್ಕೆ ನನ್ನ ಉತ್ತರ ಈ ನೆಲದ ಜನ. ಇಪ್ಪತ್ತನೆಯ ಶತಮಾನದ ದಿಗಂಬರ ಜೈನ ಮುನಿ ಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು ನಿಪ್ಪಾಣಿ ಬಳಿಯ ಭೋಜದವರು. ಆಚಾರ್ಯ ವಿದ್ಯಾನಂದರು 1925ರಲ್ಲಿ ಶೇಡಬಾಳದಲ್ಲಿ, ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಸದಲಗಾದಲ್ಲಿ ಹುಟ್ಟಿದರು. ದೇಶದುದ್ದಕ್ಕೂ ಲಕ್ಷಾಂತರ ಜನ ಪಾದಕ್ಕೆರಗಿದ ಈ ಮೂವರ ಊರುಗಳನ್ನು ಕಾರಿನಲ್ಲಿ ಒಂದೇ ಹಗಲಿನಲ್ಲಿ ಸುತ್ತಿ ಬರಬಹುದು. ಅದೇ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆ ಪ್ರಾಕೃತ ವಿದ್ವತ್ತಿನಲ್ಲಿ ಜಗತ್ತೇ ಗೌರವಿಸಿದ ಹೆಸರು, 1967ರ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಮರೆತೇಹೋಗಿದ್ದ ಯಾಪನೀಯ ಎಂಬ ಜೈನ ಪಂಥದ ಬಗ್ಗೆ ಆಧಾರ ಸಹಿತ ಬರೆದವರಲ್ಲಿ ಅವರು ಮುಖ್ಯರು. ಆ ಪಂಥದ ಮುನಿಗೆ ನೇಮಿನಾಥ ಬಸದಿಯನ್ನು ಒಪ್ಪಿಸಿದ ಸಂಗತಿ ಹೇಳುವ 1165ರ ಶಾಸನ ಸಿಕ್ಕಿರುವುದು ಸದಲಗಾಕ್ಕೆ ಹತ್ತಿರದ ಯಕ್ಸಂಬಾದಲ್ಲಿ. ವಿದ್ವಾಂಸನೂ ಅವನ ವಿಷಯವೂ ಒಂದೇ ಮಣ್ಣಿನಲ್ಲಿ ಸಿಗುವುದು ಅಪರೂಪ, ಅದನ್ನು ಹೇಳುವ ಒಂದು ಕಲ್ಲನ್ನಾದರೂ ಅಲ್ಲಿ ನೆಡಬೇಕು.

ಗೆರೆ ಎಳೆದು ಕತ್ತರಿಸುವ ಪದ್ಧತಿಯಿಂದ ಹೊಟ್ಟೆಗೂ ಪೆಟ್ಟು ಬಿದ್ದಿದೆ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಮಾಡಿದ ಚಪ್ಪಲಿ ಕೊಲ್ಹಾಪುರದ ಅಂಗಡಿಯಲ್ಲಿ ಕೊಲ್ಹಾಪುರಿಯಾಗಿ ಮಾರಾಟವಾಗುತ್ತದೆ. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸೇರಿದಷ್ಟೇ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸೇರಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಇದೇ ಮಾದರಿಯನ್ನು ಮಿಲಾನ್‌ನ ವೇದಿಕೆಗೆ ತಂದಾಗ ದೇಶವೆಲ್ಲ ಕೊಲ್ಹಾಪುರದ ಹೆಸರು ಹೇಳಿತು, ಅಥಣಿ ಎಂದವರು ಕಡಿಮೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು, ಮೊಳೆ ಹೊಡೆಯದೆ ತೊಗಲಿನ ದಾರದಲ್ಲೇ ಅಟ್ಟೆಗೆ ಹಾಕಿದ ಹೊಲಿಗೆ, ಪಟ್ಟಿಯ ಮೇಲೆ ಹೆಚ್ಚಾಗಿ ಹೆಂಗಸರೇ ಹೆಣೆಯುವ ಜಡೆ, ಇದನ್ನೆಲ್ಲ ಮಾಡುವ ಮನೆಯ ಜಗುಲಿಯಲ್ಲೇ ಕುಳಿತು ನೋಡಿ, ಅಲ್ಲಿಯೇ ಹಣ ಕೊಟ್ಟು ಕೊಳ್ಳುವ ಪ್ರವಾಸಕ್ಕಿಂತ ಒಳ್ಳೆಯ ಪ್ರವಾಸ ನನಗೆ ಗೊತ್ತಿಲ್ಲ. ಜಲಪಾತದ ಮುಂದೆ ನಿಂತು ರೀಲ್ಸ್ ಮಾಡಿಕೊಂಡು ಬಂದರೆ ಆ ಊರಿಗೆ ಉಳಿಯುವುದು ಪ್ಲಾಸ್ಟಿಕ್ ಬಾಟಲಿ ಮಾತ್ರ.

ಮೂರನೆಯ ಆಕ್ಷೇಪ ನಿಜವಾದದ್ದು: ಈ ಊರುಗಳಲ್ಲಿ ಉಳಿಯಲು ಒಳ್ಳೆಯ ವಸತಿಗೃಹಗಳಿಲ್ಲ, ಸಾರಿಗೆ ನಂಬುವಂತಿಲ್ಲ. ಅದಕ್ಕೆ ಪರಿಹಾರ ದೊಡ್ಡದೇನಲ್ಲ. ಅಧಿವೇಶನದ ದಿನಗಳಲ್ಲಿ ವಾಯವ್ಯ ಸಾರಿಗೆ ಸಂಸ್ಥೆ ಬೆಳಗಾವಿಯಿಂದ ಬೆಳಿಗ್ಗೆ ಒಂದು ಬಸ್ಸು ಹೊರಡಿಸಿ, ನಿಪ್ಪಾಣಿ, ಸದಲಗಾ, ಯಡೂರು, ಖಿದ್ರಾಪುರ, ಅಥಣಿ ಸುತ್ತಿಸಿ ರಾತ್ರಿ ಮರಳಿ ತಂದರೆ ಸಾಕು. ಶಾಸಕರು ಮೊದಲ ಬಸ್ಸಿನಲ್ಲಿ ಹೋಗಿ ಬರಲಿ. ಸ್ವಂತ ವಾಹನದಲ್ಲಿ ಹೋಗುವವರು ನಸುಕಿನಲ್ಲೇ ಹೊರಡಿ: ಕಬ್ಬಿನ ಹಂಗಾಮಿನಲ್ಲಿ ಹಗಲೇರಿದ ಮೇಲೆ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ರಸ್ತೆ ಬಿಡುವುದಿಲ್ಲ. ಜುಲೈ, ಆಗಸ್ಟ್ ತಿಂಗಳಲ್ಲಿ ಕೃಷ್ಣೆ ತುಂಬಿದಾಗ ಬ್ಯಾರೇಜುಗಳು ಮುಳುಗುತ್ತವೆ, ಆಗ ಹೋಗಬೇಡಿ.