ಚೌಕಗಳ ಜಾಗದಲ್ಲಿ ಅಕ್ಷರ

ತಿಪಟೂರಿನ ಎಪಿಎಂಸಿಯಲ್ಲಿ ವಾರಕ್ಕೆರಡು ದಿನ ಕೊಬ್ಬರಿ ಹರಾಜು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದವರಿಗೆ ಅಂದಿನ ಧಾರಣೆ ತಿಳಿಯದೆ ಸಮಾಧಾನವಿಲ್ಲ. ತಿಂಗಳುಗಟ್ಟಲೆ ಅಟ್ಟದಲ್ಲಿ ಕಾಯಿ ಒಣಗಿಸಿ ಕಾದವರು ಅವರು. ಸುಮಾರು 2010ರ ಹೊತ್ತಿಗೆ ಆ ಧಾರಣೆ ನೋಡಲು ಗುಂಡಿ ಒತ್ತುವ ಸಣ್ಣ ಫೋನಿನಲ್ಲಿ ಕನ್ನಡ ಸುದ್ದಿತಾಣ ತೆರೆದರೆ ಕಾಣುತ್ತಿದ್ದುದು ಬರೀ ಖಾಲಿ ಚೌಕಗಳು. ಎಷ್ಟೋ ಫೋನುಗಳಲ್ಲಿ ಕನ್ನಡ ಫಾಂಟೇ ಇರಲಿಲ್ಲ.

ಆಗ ಕೈಹಿಡಿದದ್ದು ನಾರ್ವೆಯ ಒಪೆರಾ ಮಿನಿ. 2006ರಲ್ಲಿ ಜಗತ್ತಿಗೆಲ್ಲ ಸಿಕ್ಕ ಈ ಬ್ರೌಸರಿನ ಭಾರದ ಕೆಲಸವೆಲ್ಲ ದೂರದ ಸರ್ವರಿನಲ್ಲಿ ನಡೆಯುತ್ತಿತ್ತು. ಕಂಪ್ಯೂಟರಿಗೆಂದು ಅಗಲಕ್ಕೆ ಹರಡಿದ ಪುಟವನ್ನು ಅಲ್ಲೇ ತೆರೆದು, ಚಿತ್ರಗಳನ್ನು ಕುಗ್ಗಿಸಿ, ಕಿರಿದಾದ ಪರದೆಗೆ ಹೊಂದಿಸಿ ಕಳಿಸುತ್ತಿತ್ತು. ಮಟ್ಟೆ ಸುಲಿದು, ಚಿಪ್ಪು ಬಿಡಿಸಿ, ಕೊಬ್ಬರಿಯನ್ನಷ್ಟೇ ಚೀಲಕ್ಕೆ ತುಂಬಿದ ಹಾಗೆ. ತೋಟದ ನಡುವಿನ ಬಡಕಲು ಟುಜಿ ಸಿಗ್ನಲ್ಲಿಗೂ ಅದು ಹೊರೆಯಾಗಲಿಲ್ಲ.

ನನಗೆ ಇಂದಿಗೂ ಬೆರಗು ಅದರೊಳಗಿನ ಒಂದು ಸಣ್ಣ ಆಯ್ಕೆ. ವಿಳಾಸದ ಜಾಗದಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಒತ್ತಿ, ಕೆಳಗಿಳಿದು, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಅಕ್ಷರ ಬೇಕೇ ಎಂಬಲ್ಲಿ ‘ಹೌದು’ ಎನ್ನಬೇಕಿತ್ತು. ಅಷ್ಟೇ! ಸರ್ವರೇ ಕನ್ನಡವನ್ನು ಚಿತ್ರವಾಗಿ ಬಿಡಿಸಿ ಕಳಿಸುತ್ತಿತ್ತು. ಪುಟ ಕೊಂಚ ತೂಕವಾಗುತ್ತಿತ್ತು, ನಿಜ; ಆದರೆ ‘ಕೊಬ್ಬರಿ’ಯ ಬ-ಒತ್ತು ತನ್ನ ಜಾಗದಲ್ಲೇ ಕೂತಿರುತ್ತಿತ್ತು.

ಅದೇ 2010ರಲ್ಲಿ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ ಪರದೆಗೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಪುಟದ ವಿನ್ಯಾಸಕ್ಕೆ ಹೆಸರಿಟ್ಟರು. ಈಗಿನ ತಾಣಗಳು ಹಾಗೇ ಹುಟ್ಟುತ್ತವೆ. ನನ್ನ ಮನಸ್ಸು ಮಾತ್ರ ಆ ಪುಟ್ಟ ಪರದೆಯಲ್ಲಿ ಮೊದಲ ಸಲ ಮೂಡಿದ ಕನ್ನಡದ ಸಾಲಿನಲ್ಲೇ ನಿಂತಿದೆ.